ಟ್ಯಾಬ್ ಒತ್ತು, ಅಕ್ಕಾ

ಬೆಳಿಗ್ಗೆ ಹತ್ತು ಗಂಟೆಯೊಳಗೆ ಅಕ್ಕನಿಂದ ಬಂದ ಫೋನು ಮೂರು. ಮೂರನೆಯದಕ್ಕೆ ಪುಟ್ಟಿಯ ತಾಳ್ಮೆ ಮುಗಿದೇ ಹೋಯಿತು. ಪುಟ್ಟಿ ಎಂದರೆ ಚಿಕ್ಕ ಹುಡುಗಿಯೇನಲ್ಲ, ನಲವತ್ತರ ಹತ್ತಿರ ಬಂದವಳು. ಮನೆಯವರಿಗೆ ಇಟ್ಟ ಹೆಸರು ಬೇಡವಾಗಿದೆ, ಏನು ಮಾಡುವುದು. ಆಫೀಸಿನಲ್ಲಿ ಅವಳು ಟೆಸ್ಟಿಂಗ್ ಮೇಡಂ.

“ಟ್ಯಾಬ್ ಒತ್ತು, ಅಕ್ಕಾ.”

“ಒತ್ತಿದೆ ಕಣೆ.”

“ಪಟ್ಟಿ ಬಂತಾ?”

“ಒಂದೊಂದ್ಸಲ ಬರುತ್ತೆ, ಒಂದೊಂದ್ಸಲ ಬರಲ್ಲ.”

“ಒಂದೊಂದ್ಸಲ ಅಂದ್ರೆ ನಾನೇನು ಅರ್ಥ ಮಾಡ್ಕೊಳ್ಳಲಿ? ಈಗ ಮೀಡಿಯನ್ ಅಂತ ಶುರು ಮಾಡು. ಮೂರೇ ಅಕ್ಷರ ಹೊಡೆದು ಟ್ಯಾಬ್ ಒತ್ತು. ಬಂತಾ?”

“ಇದು ಬಂತು. ಆದ್ರೆ ಇದು ಯಾಕೆ ಬರುತ್ತೆ ಅಂದ್ರೆ...”

“ಬಂತಲ್ಲ! ಮತ್ತೇನು ಗೋಳು ನಿಂದು? ನಾನು ದಿನಾ ಅದನ್ನೇ ಟೆಸ್ಟ್ ಮಾಡೋದು. ನಮ್ಮ ಕಡೆ ಎಲ್ಲ ಸರಿಯಿದೆ. ಎಡಗೈಯಲ್ಲಿ ಹೊಡೆಯೋವಾಗ ಎಲ್ಲೋ ತಪ್ಪು ಒತ್ತುತಾ ಇದ್ದೀಯ. ಆಗಲ್ಲ ಅಂದ್ರೆ ಬಿಟ್ಬಿಡು, ನನ್ನ ತಲೆ ತಿನ್ಬೇಡ!”

ಅಕ್ಕನ ಉತ್ತರಕ್ಕೆ ಕಾಯಲಿಲ್ಲ. ಪುಟ್ಟಿಯೇ ಫೋನು ಇಟ್ಟಳು. ಇಟ್ಟ ಮೇಲೆ ನಾಲಿಗೆ ಸ್ವಲ್ಪ ಜಾಸ್ತಿ ಓಡಿತು ಅನ್ನಿಸಿತು, ಆದರೆ ಕೋಪ ಇಳಿದಿರಲಿಲ್ಲ.

ಅಕ್ಕನಿಗೆ ನೀರಿನ ಪರೀಕ್ಷಾಲಯದಲ್ಲಿ ಕೆಲಸ. ಊರಿನ ನಲ್ಲಿಗಳಿಂದ ಬರುವ ನೀರಿನ ಮಾದರಿಗಳ ಅಂಕಿಗಳನ್ನೆಲ್ಲ ಅರೆದು, ಎಲ್ಲಿಯ ನೀರು ಕುಡಿಯಬಹುದು ಎಲ್ಲಿಯದು ಬೇಡ ಎಂದು ವಾರಕ್ಕೊಂದು ವರದಿ ಕೊಡುವವಳು. ಹದಿನೆಂಟು ವರ್ಷ ಹೀಗೇ ನಡೆದಿತ್ತು. ಹೋದ ವರ್ಷ ಮೆಟ್ಟಿಲಿನಿಂದ ಜಾರಿ ಬಿದ್ದಳು. ಬಲಗೈಯ ಮೂಳೆ ಕೂಡಿತು, ಬೆರಳುಗಳು ಮಾತ್ರ ಇವತ್ತಿಗೂ ಹೇಳಿದ ಮಾತು ಕೇಳುವುದಿಲ್ಲ. ಈಗ ಎಡಗೈಯೊಂದೇ ಗತಿ. ಅವಳ ಮುಖ್ಯಸ್ಥರು ಕೆಟ್ಟವರೇನಲ್ಲ, ಆದರೆ ವರದಿ ಎರಡು ವಾರದಿಂದ ತಡವಾಗುತ್ತಿದೆ. ಈ ಶುಕ್ರವಾರದ್ದೂ ಹೊತ್ತಿಗೆ ಸರಿಯಾಗಿ ಬರದಿದ್ದರೆ ಕೆಳಗಿನ ದಾಖಲೆ ಕೋಣೆಗೆ ಹೋಗಬೇಕಾಗುತ್ತದೆ ಎಂದಿದ್ದರು. ಅಲ್ಲಿ ಫೈಲು ಜೋಡಿಸುವುದು, ಧೂಳು ಹೊಡೆಯುವುದು, ಅಷ್ಟೇ. ಶುಕ್ರವಾರಕ್ಕೆ ಇನ್ನು ಒಂದೇ ದಿನ ಉಳಿದಿತ್ತು.

ತಮ್ಮ ಕಂಪನಿಯ ನೋಟ್‌ಬುಕ್ಕನ್ನು ಅಲ್ಲಿ ಹಾಕಿಸಿದವಳು ಪುಟ್ಟಿಯೇ. ನೋಟ್‌ಬುಕ್ ಎಂದರೆ ಕಾಗದದ್ದಲ್ಲ, ಪರದೆಯ ಮೇಲಿನ ಪುಟ. ಪುಟದಲ್ಲಿ ಕೋಡು ಬರೆದರೆ ಅದರ ಕೆಳಗೇ ಉತ್ತರ ಬರುತ್ತದೆ. ಆ ಉತ್ತರ ಕೊಡುವುದಕ್ಕೆ ಹಿಂದೆ ಒಂದು ಪ್ರೋಗ್ರಾಂ ಕೂತಿರುತ್ತದೆ, ಅದಕ್ಕೆ ಕರ್ನಲ್ ಎನ್ನುತ್ತಾರೆ. ಪೈಥಾನ್, ಆರ್, ಜೂಲಿಯಾ, ಹೀಗೆ ಒಂದೊಂದು ಕಂಪ್ಯೂಟರ್ ಭಾಷೆಗೆ ಒಂದೊಂದು. ಪದದ ಮೊದಲ ಎರಡು ಮೂರು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ, ಪುಟವು ಆ ಕರ್ನಲ್ಲನ್ನು ಕೇಳಿ ಪೂರ್ತಿ ಪದಗಳ ಪಟ್ಟಿ ತರಬೇಕು. ಒಂದೇ ಕೈಯವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. “ಪೂರ್ತಿ ಪದ ಹೊಡೆಯೋದೇ ಬೇಡ ಅಕ್ಕಾ” ಎಂದು ಕೊಚ್ಚಿಕೊಂಡವಳೂ ಇವಳೇ.

ಮೂರು ಭಾಷೆಯಲ್ಲೂ ಆ ಪಟ್ಟಿ ಬರುತ್ತದೋ ಇಲ್ಲವೋ ನೋಡುವುದು ಪುಟ್ಟಿಯ ಕೆಲಸ. ಅದಕ್ಕೆಂದೇ ಅವಳು ಬರೆದಿಟ್ಟ ಮೂರು ಪರೀಕ್ಷಾ ಪುಟಗಳು ದಿನಾ ಬೆಳಿಗ್ಗೆ ತಾವಾಗಿಯೇ ಓಡುತ್ತಿದ್ದವು. ಅಕ್ಕ ಬಳಸುವುದು ಆರ್. ಎರಡು ವಾರದಿಂದ, ಅಂದರೆ ನೋಟ್‌ಬುಕ್ಕಿನ ಹೊಸ ಆವೃತ್ತಿ ಬಂದಾಗಿನಿಂದ, ಬರುವುದಿಲ್ಲ ಬರುವುದಿಲ್ಲ ಎಂದು ಪ್ರಾಣ ಹಿಂಡುತ್ತಿದ್ದಳು. ಪುಟ್ಟಿ ಎರಡು ವಾರದಿಂದ ಪರೀಕ್ಷೆ ಓಡಿಸುತ್ತಿದ್ದಳು. ಪೈಥಾನ್ ಹಸಿರು, ಆರ್ ಹಸಿರು, ಜೂಲಿಯಾ ಹಸಿರು, ಅಂದರೆ ಮೂರೂ ಪಾಸು. ಹೇಳಿ, ಯಾರನ್ನು ನಂಬುವುದು?

ಇವತ್ತೂ ಮೂರೂ ಹಸಿರು. ಆದರೂ ಮನಸ್ಸು ತಡೆಯದೆ ಎದ್ದು, ಪಕ್ಕದ ಸಾಲಿನಲ್ಲಿದ್ದ ಡೆವಲಪರನ ಹತ್ತಿರ ಹೋದಳು. ಈ ಮಹಾಶಯನಿಗೆ ಆಫೀಸಿನವರು ‘ನಂದ್ರಲ್ಲಿ’ ಎಂದೇ ಹೆಸರಿಟ್ಟಿದ್ದರು. ಕಾರಣ ಅವನು ಬಾಯಿ ಬಿಟ್ಟ ಕೂಡಲೇ ತಿಳಿಯುತ್ತಿತ್ತು.

“ಮೇಡಂ, ನಂದ್ರಲ್ಲಿ ಬರ್ತಾ ಇದೆಯಲ್ಲ.”

“ನಿಮ್ಮದ್ರಲ್ಲಿ ಪೈಥಾನ್ ತಾನೇ ಇರೋದು?”

“ಆರ್ ಯಾರು ಮೇಡಂ ಬಳಸ್ತಾರೆ? ನಿಮ್ಮ ಅಕ್ಕ ಒಬ್ರೇ ಅನ್ಸುತ್ತೆ. ಟೆಸ್ಟ್ ನಿಮ್ಮದೇ, ಅದೇ ಹಸಿರು ತೋರಿಸ್ತಿದೆ. ನಾಲ್ಕು ಗಂಟೆಗೆ ಬಿಡುಗಡೆ ಇಟ್ಕೊಂಡು ಈಗ ಯಾಕೆ ಸುಮ್ನೆ ಕೆದಕೋದು?”

ಮೈ ಉರಿದುಹೋಯಿತು. ಆದರೆ ಹಸಿರು ತೋರಿಸುತ್ತಿದ್ದುದು ಅವಳದೇ ಟೆಸ್ಟು. ಇವತ್ತು ನಾಲ್ಕಕ್ಕೆ ಹೋಗುವ ಆವೃತ್ತಿ ಬಿಟ್ಟರೆ ಮುಂದಿನದು ಎರಡು ತಿಂಗಳಿಗೆ. ಹೋಗಲಿ, ಊಟದ ಹೊತ್ತಿನಲ್ಲಿ ಅಕ್ಕನ ಆಫೀಸಿಗೇ ಹೋಗಿ, ಪಕ್ಕದಲ್ಲಿ ಕೂತು, ಟ್ಯಾಬ್ ಒತ್ತುವುದು ಹೇಗೆಂದು ಕೈ ಹಿಡಿದು ಕಲಿಸಿ ಬರೋಣ ಎಂದು ಹೊರಟಳು. ಎರಡೇ ಬೀದಿ ದೂರ. ದಾರಿಯುದ್ದಕ್ಕೂ ಅಕ್ಕನಿಗೆ ಹೇಳಬೇಕಾದ ಬೈಗುಳಗಳನ್ನು ಜೋಡಿಸಿಕೊಳ್ಳುತ್ತಲೇ ನಡೆದಳು.

ಪರೀಕ್ಷಾಲಯದ ಎರಡನೆಯ ಮಹಡಿಯಲ್ಲಿ ಕಿಟಕಿ ಪಕ್ಕ ಅಕ್ಕನ ಮೇಜು. ಕುರ್ಚಿಯಲ್ಲಿ ಓರೆಯಾಗಿ ಕೂತು, ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಿಂದ ಕುಟ್ಟುತ್ತಿದ್ದಳು. ತಂಗಿಯನ್ನು ನೋಡಿ ನಗಲಿಲ್ಲ.

“ಏನೇ, ಇಲ್ಲಿಗೇ ಬಂದ್ಬಿಟ್ಟೆ?”

“ಏನು ಮಾಡಲಿ, ನಿನ್ನ ಕಾಟ ತಡೆಯೋಕಾಗ್ದೆ. ಸರಿ ಆ ಕಡೆ. ಎಲ್ಲಿ, ಏನು ಬರಲ್ಲ ತೋರಿಸು.”

ಪರದೆ ನೋಡಿ ಪುಟ್ಟಿ ಹುಬ್ಬು ಗಂಟಿಕ್ಕಿದಳು. ಪುಟದ ತುದಿಯಲ್ಲಿ ಉದ್ದಕ್ಕೆ ಲೆಕ್ಕದ ಪದಗಳ ಸಾಲು. ಮೀಡಿಯನ್, ಮ್ಯಾಟ್ರಿಕ್ಸ್, ಕ್ವಾಂಟೈಲ್, ಹಿಸ್ಟೋಗ್ರಾಮ್, ಒಂದರ ಕೆಳಗೊಂದು, ಐವತ್ತಕ್ಕೆ ಕಡಿಮೆಯಿರಲಿಲ್ಲ.

“ಇದೇನಿದು ಕಸ?”

“ಕಸ ಅಲ್ಲ ಕಣೆ. ಅದನ್ನೇ ಹೇಳೋಕೆ ಬಂದ್ರೆ ನೀನು ಬಾಯಿ ಬಿಡೋಕೆ ಬಿಡಲ್ಲ. ಪುಟದಲ್ಲಿ ಒಂದ್ಸಲ ಪೂರ್ತಿ ಬರೆದಿರೋ ಪದ ಆದ್ರೆ ಟ್ಯಾಬ್ ಒತ್ತಿದಾಗ ಬರುತ್ತೆ. ಬರೆಯದೇ ಇರೋದು ಬರಲ್ಲ. ಅದಕ್ಕೇ ಪುಸ್ತಕ ನೋಡ್ಕೊಂಡು ಎಲ್ಲ ಪದ ಬರೆದಿಟ್ಟಿದ್ದೀನಿ. ದಿನಾ ಒಂದು ಗಂಟೆ ಮುಂಚೆ ಬಂದು ಇನ್ನೊಂದಷ್ಟು ಸೇರಿಸ್ತೀನಿ.”

ಪುಟ್ಟಿ ಹೊಸ ಖಾಲಿ ಪುಟ ತೆರೆದಳು. ಆರ್ ಕರ್ನಲ್ ಆರಿಸಿಕೊಂಡಳು. ಮೀಡಿಯನ್ನಿನ ಮೂರಕ್ಷರ ಹೊಡೆದು, ಟ್ಯಾಬ್ ಒತ್ತಿದಳು. ಪಟ್ಟಿ ಬರಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಎರಡೂ ಕೈ ಸರಿಯಿರುವವಳು, ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬಂದವಳು, ಒತ್ತಿದರೂ ಇಲ್ಲ.

ತನ್ನ ಪರೀಕ್ಷಾ ಪುಟ ಕಣ್ಣೆದುರು ಬಂತು. ಅವಳದು ಅಚ್ಚುಕಟ್ಟಿನ ಕೈ. ಯಾರು ತೆರೆದು ನೋಡಿದರೂ ಗೊತ್ತಾಗಲಿ ಎಂದು, ಪ್ರತಿ ಪುಟದ ಮೊದಲ ಸಾಲಿನಲ್ಲಿ ‘ಇಲ್ಲಿ ಬರಬೇಕಾದ ಪದ: ಮೀಡಿಯನ್’ ಎಂದು ಟಿಪ್ಪಣಿ ಬರೆದಿಡುತ್ತಿದ್ದಳು. ಕರ್ನಲ್ ಸುಮ್ಮನಿದ್ದರೆ ಈ ಹೊಸ ಆವೃತ್ತಿ ಪುಟದಲ್ಲೇ ಇರುವ ಪದಗಳನ್ನು ಹೆಕ್ಕಿ ಪಟ್ಟಿ ಮಾಡಿ ಕೊಡುತ್ತಿದೆ. ಟಿಪ್ಪಣಿಯಲ್ಲಿದ್ದ ಪದವನ್ನೇ ತಂದು ತೋರಿಸಿತು, ಪರೀಕ್ಷೆ ಹಸಿರು ಕೊಟ್ಟಿತು. ಪ್ರಶ್ನೆಪತ್ರಿಕೆಯ ತಲೆಯ ಮೇಲೆ ತಾನೇ ಉತ್ತರ ಬರೆದುಕೊಟ್ಟು, ಹುಡುಗ ಪಾಸಾದ ಎಂದು ಎರಡು ವಾರ ಬೀಗಿದ್ದಳು. ಥೂ ನನ್ನ ಬುದ್ಧಿಗಿಷ್ಟು!

“ಏನಾಯ್ತೇ? ಮುಖ ಯಾಕೆ ಹಾಗಾಯ್ತು?”

“ಬಂದೆ ಅಕ್ಕಾ, ಆಮೇಲೆ ಹೇಳ್ತೀನಿ” ಎಂದವಳೇ ಮೆಟ್ಟಿಲು ಇಳಿದು ಓಡಿದಳು.

ಮೂರು ಗಂಟೆಯ ಮೀಟಿಂಗಿನಲ್ಲಿ ಮ್ಯಾನೇಜರು ಆಗಲೇ ಬಿಡುಗಡೆಯ ಕಾಗದ ಮುಂದಿಟ್ಟುಕೊಂಡು ಪೆನ್ನು ತೆಗೆದಿದ್ದರು.

“ನಿಲ್ಲಿಸಿ ಸಾರ್,” ಎಂದಳು ಪುಟ್ಟಿ. “ಆರ್ ಫೇಲು. ಜೂಲಿಯಾನೂ ಫೇಲು, ಈಗ ತಾನೇ ನೋಡಿದೆ. ಟಿಪ್ಪಣಿ ಅಳಿಸಿ ಓಡಿಸಿದ್ರೆ ಎರಡೂ ಕೆಂಪು.”

“ಎರಡು ವಾರದಿಂದ ಹಸಿರು ಅಂತ ನೀವೇ ಸಹಿ ಹಾಕಿದ್ದೀರಲ್ರೀ!”

“ಹಾಕಿದ್ದೀನಿ. ಆ ಟೆಸ್ಟ್ ಬರೆದೋಳು ನಾನೇ, ತಪ್ಪು ನಂದೇ. ಬೈಯೋದಾದ್ರೆ ನಾಳೆ ಕೂತು ಬೈಯಿರಿ, ಈಗ ಸರಿಮಾಡಿಸಿ.”

ನಂದ್ರಲ್ಲಿ ಮುಸಿಮುಸಿ ನಗಲು ಶುರು ಮಾಡಿದ. ಆದರೆ ಕೋಡು ತೆರೆದು ನೋಡಿದ ಮೇಲೆ ಆ ನಗು ನಿಂತಿತು. ಹೊಸ ಆವೃತ್ತಿಯಲ್ಲಿ ಕರ್ನಲ್ಲನ್ನು ಕೇಳುವ ಸಾಲನ್ನು ಪೈಥಾನಿಗೆ ಮಾತ್ರ ಬರೆದು, ಉಳಿದೆರಡನ್ನು ಆಮೇಲೆ ಸೇರಿಸೋಣವೆಂದು ಬಿಟ್ಟವನು ಮರೆತೇ ಹೋಗಿದ್ದ. ಹತ್ತು ನಿಮಿಷದ ಕೆಲಸ. ಹತ್ತೇ ನಿಮಿಷದ ಕೆಲಸಕ್ಕೆ ಅಕ್ಕ ಎರಡು ವಾರ ಐವತ್ತು ಪದ ಕುಟ್ಟಿದ್ದಳು. ಪುಟ್ಟಿಗೆ ಅವನನ್ನು ಬೈಯಬೇಕೆನ್ನಿಸಿತು, ಆದರೆ ಹಸಿರು ಎಂದು ಸಹಿ ಹಾಕಿದವಳು ತಾನೇ.

ಐದಕ್ಕೆ ಆವೃತ್ತಿ ಹೋಯಿತು. ಐದೂ ಕಾಲಿಗೆ ಅವಳು ಮತ್ತೆ ಅಕ್ಕನ ಮೇಜಿನ ಹತ್ತಿರವಿದ್ದಳು. ತಾನೇ ಹೊಸದನ್ನು ಹಾಕಿ, ಖಾಲಿ ಪುಟ ತೆರೆದು, ಅಕ್ಕನ ಕಡೆ ತಿರುಗಿಸಿದಳು. ಅಕ್ಕ ಎಡಗೈಯಿಂದ ಎರಡಕ್ಷರ ಹೊಡೆದಳು, ಟ್ಯಾಬ್ ಒತ್ತಿದಳು. ಪಟ್ಟಿ ಉದ್ದಕ್ಕೆ ಇಳಿದು ಬಂತು. ಅಕ್ಕ ಅದನ್ನು ಮೇಲಿಂದ ಕೆಳಗಿನವರೆಗೆ ಓದಿದಳು.

“ತಪ್ಪು ನಂದು ಅಕ್ಕಾ. ನಿನ್ನ ಕೈಯದಲ್ಲ. ನಾನು ಬರೆದ ಟೆಸ್ಟೇ ಸುಳ್ಳು ಹೇಳ್ತಿತ್ತು.”

“ಬೆಳಿಗ್ಗೆ ನೀನು ಫೋನ್ ಇಟ್ಟ ಮೇಲೆ ಸಾಹೇಬ್ರಿಗೆ ಕಾಗದ ಕೊಟ್ಬಿಟ್ಟೆ ಕಣೆ,” ಎಂದಳು ಅಕ್ಕ ಪರದೆಯಿಂದ ಕಣ್ಣು ತೆಗೆಯದೆ. “ನನ್ನ ಕೈಲಿ ಇನ್ನಾಗಲ್ಲ, ದಾಖಲೆ ಕೋಣೆಗೇ ಹಾಕಿ ಅಂತ. ಅದನ್ನ ಟೆಸ್ಟ್ ಮಾಡೋಳೇ ತಪ್ಪು ನಿಂದು ಅಂದ್ಮೇಲೆ ಇನ್ನೇನು ಉಳಿದಿತ್ತು ಹೇಳು.”

ಪುಟ್ಟಿ ಅವಳ ಕಡೆ ಬಾಗಿದಳು. “ಮಧ್ಯಾಹ್ನ ಬಂದಾಗ ಯಾಕೆ ಹೇಳ್ಲಿಲ್ಲ?”

“ನೀನು ಕೇಳೋಕೆ ಎಲ್ಲಿ ನಿಂತೆ?”

ಪುಟ್ಟಿ ಅಕ್ಕನ ಎಡಗೈ ಹಿಡಿದು ಎಬ್ಬಿಸಿ ಮುಖ್ಯಸ್ಥರ ಕೋಣೆಗೆ ಕರೆದೊಯ್ದಳು. ಅವರು ಹೊರಡುವುದಕ್ಕೆಂದು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಬಾಗಿಲಲ್ಲಿ ನಿಂತ ಇಬ್ಬರನ್ನೂ ನೋಡಿ, “ಇವರು ಯಾರು?” ಎಂದು ಅಕ್ಕನನ್ನು ಕೇಳಿದರು.

ಅಕ್ಕ ಬಾಯಿ ತೆರೆಯುವ ಮುಂಚೆ ಪುಟ್ಟಿಯೇ ಹೇಳಿದಳು. “ನೀವು ಬಳಸೋ ನೋಟ್‌ಬುಕ್ ಸರಿಯಿದೆ ಅಂತ ಸಹಿ ಹಾಕಿದೋಳು ಸಾರ್. ಅದು ಸರಿಯಿರಲಿಲ್ಲ. ನಿಮ್ಮ ವರದಿ ತಡ ಆಗಿದ್ದು ಇವರ ಕೈಯಿಂದ ಅಲ್ಲ, ನನ್ನಿಂದ. ಈಗ ಸರಿಮಾಡಿದ್ದೀವಿ. ಆ ಕಾಗದ ವಾಪಸ್ ಕೊಡಿ.”

ಅವರು ಅಕ್ಕನ ಮುಖ ನೋಡಿದರು. “ನಾಳೆ ವರದಿ ಆಗುತ್ತಾ?”

“ಆಗುತ್ತೆ ಸಾರ್,” ಎಂದಳು ಅಕ್ಕ.

ಅವರು ಚೀಲ ಇಳಿಸಿ, ಡ್ರಾಯರು ಎಳೆದು, ಕಾಗದ ತೆಗೆದುಕೊಟ್ಟರು. ಅಕ್ಕ ಅದನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು. ಇಬ್ಬರೂ ಮೆಟ್ಟಿಲು ಇಳಿದರು. ಹೊರಗೆ ಬೀದಿಗೆ ಬಂದ ಮೇಲೆ ಅಕ್ಕ ನಿಂತಳು.

“ಕೆಲಸ ಉಳೀತು, ಸರಿ. ಆದ್ರೆ ನಂಗೆ ನಿನ್ನ ಮೇಲೆ ತುಂಬಾ ಸಿಟ್ಟು ಬಂದಿದೆ ಪುಟ್ಟಿ. ಯಂತ್ರದ ಮಾತು ನಂಬಿದೆ, ನನ್ನ ಮಾತು ನಂಬಲಿಲ್ಲ. ಇದು ಇವತ್ತೇ ಇಳಿಯೋ ಸಿಟ್ಟಲ್ಲ.”

“ಇರಲಿ ಅಕ್ಕಾ,” ಎಂದಳು ಪುಟ್ಟಿ. ಇನ್ನೇನೋ ಹೇಳಲು ಹೋದವಳು ಸುಮ್ಮನಾದಳು, ಅಕ್ಕ ಇನ್ನೂ ಮಾತು ಮುಗಿಸಿರಲಿಲ್ಲ.