ಹಾರದ ಗುಂಡಿಗೆ ಮೊಳಗಿದ ತಟ್ಟೆ

ನಾರ್ವೆಯ ಆ ಕಣಿವೆಯಲ್ಲಿ ಸಣ್ಣ ತೋಟಾದ ರೈಫಲ್ ಪಂದ್ಯವೆಂದರೆ ಟೈರು, ಏಣಿ, ಮರದ ದಿಮ್ಮಿ, ಎಲ್ಲದರ ಮೇಲಿಂದಲೂ ಗುರಿಯಿಡಬೇಕು. ಮುದುಕ ಹಾಲ್ವಾರ್ ಟ್ರ್ಯಾಕ್ಟರ್ ಟೈರಿಗೆ ರೈಫಲ್ ಆನಿಸಿ ಟ್ರಿಗರ್ ಒತ್ತಿದ. ‘ಟಿಕ್’ ಎಂದಿತೇ ಹೊರತು ಗುಂಡು ಹಾರಲಿಲ್ಲ. ಆದರೂ ದೂರದಲ್ಲಿ ಗುರಿಗೆಂದು ನಿಲ್ಲಿಸಿದ್ದ ಅವನ ಕಬ್ಬಿಣದ ತಟ್ಟೆ ‘ಠಣ್’ ಎಂದಿತು.

“ಏಟು ಬಿತ್ತು!” ಎಂದು ದುರ್ಬೀನು ಹಿಡಿದಿದ್ದ ತೀರ್ಪುಗಾರ ಓಡ್ವಾರ್ ಕೂಗಿದ.

ಕಿವಿ ಕೈಕೊಟ್ಟಿತೇನೋ ಎಂದುಕೊಂಡ ಹಾಲ್ವಾರ್. ಆದರೆ ರೈಫಲ್ಲಿನ ಬೋಲ್ಟ್ ಎಳೆದರೆ ತೋಟಾ ಸಿಡಿಯದೆ ಇಡಿಯಾಗಿಯೇ ಹೊರಬಿತ್ತು. ಇನ್ನೊಂದು ತುಂಬಿ ಒತ್ತಿದ. ಮತ್ತೆ ಟಿಕ್, ಮತ್ತೆ ಠಣ್.

“ಭೇಷ್! ಇವತ್ತು ಕೈ ಕುದುರಿಬಿಟ್ಟಿದೆ ನಿಂಗೆ!”

“ನಾನಿನ್ನೂ ಹೊಡೆದೇ ಇಲ್ಲ ಕಣೋ.”

“ಹೊಡೀದೆ ತಟ್ಟೆ ತಾನಾಗೇ ಹಾಡತ್ತಾ? ಕಾಫಿಗೆ ಏನ್ ಬೆರೆಸ್ಕೊಂಡು ಕುಡಿದೆ?”

ಹಾಲ್ವಾರ್‌ಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಪಕ್ಕದ ಸಾಲಿನಲ್ಲಿ ಏಣಿಗೆ ಒರಗಿ ಗುರಿಯಿಟ್ಟಿದ್ದ ಸೊಸೆ ರಾಗ್ನಿಲ್ಡ್ ಕೂಗಾಡಿದಳು.

“ಎಲ್ಲಾ ನೆಟ್ಟಗೇ ಬೀಳ್ತಿದೆ, ಈ ತೀರ್ಪುಗಾರ್ರು ನೋಡಿದ್ರೆ ತಪ್ಪು ತಪ್ಪು ಅಂತಾರೆ!”

ಅವಳ ರೈಫಲ್ಲಿನ ನಳಿಕೆ ಅವನ ತಟ್ಟೆಯತ್ತಲೇ ತಿರುಗಿತ್ತು. ತೆಪ್ಪಗಿದ್ದರೆ ಗೆಲುವು ಅವನದೇ. ಆದರೂ ಹಾಲ್ವಾರ್ ಕೈ ಎತ್ತಿದ.

“ನನ್ನ ತಟ್ಟೆಗೆ ಹೊಡೀತಿದೀಯಲ್ಲೇ ಹುಡುಗಿ!”

“ಅಯ್ಯೋ ಮಾವ! ಹಾಗಾದ್ರೆ ನೀವು ಹೊಡೀತಿದ್ದಿದ್ದು ಯಾವುದಕ್ಕೆ?”

“ನಂದು ಹಾರ್ತಾನೇ ಇಲ್ಲ!”

ತೀರ್ಪುಗಾರರು ತಲೆ ಕೆರೆದುಕೊಂಡು, ಕೊನೆಗೆ ಇಬ್ಬರಿಗೂ ಸೊನ್ನೆ ಕೊಟ್ಟರು. ಆಮೇಲೆ ವಾಫಲ್ ಎಂಬ ಸಿಹಿದೋಸೆ ತಿನ್ನುವಾಗಲೂ ರಾಗ್ನಿಲ್ಡ್‌ಳದು ಒಂದೇ ತಗಾದೆ.

“ಬಿದ್ದಿದ್ದಂತೂ ಬಿತ್ತಲ್ಲ ಮಾವ, ಅದು ಯಾರ ಲೆಕ್ಕಕ್ಕೂ ಇಲ್ವಾ?”

ಹಾಲ್ವಾರ್ ಅವಳ ವಾಫಲ್ಲಿಗೆ ಇನ್ನೊಂದು ಚಮಚ ಜಾಮ್ ಹಾಕಿದ.