೩೨೧೯ ನಂಬರಿನ ಹಡಗು

ನಮ್ಮಪ್ಪನನ್ನು ಸುಳ್ಳ ಎಂದು ಶಹಾಬಾದಿನ ಚಹಾದಂಗಡಿಯಲ್ಲಿ ನಗುವವರ ಹಲ್ಲು ಉದುರಿಸಬೇಕು ಅನಿಸುತ್ತದೆ. ಆದರೆ ಮೊದಲು ಉದುರಬೇಕಾದದ್ದು ನನ್ನ ಹಲ್ಲು.

ನಾನು ಭಂಕೂರಿನಲ್ಲಿ ಕಲ್ಲಿನ ಮೇಲೆ ಅಕ್ಷರ ಕೊರೆಯುವವನು. ಆರನೇ ಇಯತ್ತೆಗೇ ಶಾಲೆ ಬಿಟ್ಟೆ. ಕಳೆದ ವರ್ಷ ಬಾಂಗ್ಲಾ ಯುದ್ಧ ಮುಗಿದ ಮೇಲೆ, ನಮ್ಮ ಕಡೆಯಿಂದ ದಂಡಿಗೆ ಹೋದವರ ಹೆಸರಿನ ಕಲ್ಲು ನಿಲ್ಲಿಸಬೇಕೆಂದು ಒಂದು ಕಮಿಟಿ ಆಯಿತು. ಇಂಗ್ರೇಜರ ಕಾಲದ ಯುದ್ಧಕ್ಕೆ ಹೋದವರೂ ಅರ್ಜಿ ಕೊಡಬಹುದು ಅಂದರು. ಕೊರೆಯುವ ಕೆಲಸ ನನಗೆ ಬಂತು.

ನಮ್ಮಪ್ಪ ದೇವಿಂದ್ರಪ್ಪ ನಲವತ್ನಾಲ್ಕರಲ್ಲಿ ವಾಡಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮುಂಬಯಿಗೆ ಹೋಗಿ ನೌಕಾದಳ ಸೇರಿದವನು. ಎರಡು ವರ್ಷ ಟ್ಯಾಂಕು ಸಾಗಿಸುವ ಹಡಗಿನಲ್ಲಿ ಇಂಜಿನ್ನಿಗೆ ಎಣ್ಣೆ ಹಾಕಿದ. ಆ ಹಡಗಿನ ತಳ ರೊಟ್ಟಿ ಹಂಚಿನಂತೆ ಚಪ್ಪಟೆ. ದಂಡೆಯ ಉಸುಕಿಗೆ ಹೋಗಿ ಕೂತು, ಮುಂದಿನ ಬಾಗಿಲು ತೆರೆದರೆ ಟ್ಯಾಂಕುಗಳು ಒಳಗಿನಿಂದ ತಾವೇ ಹೊರಟು ಬರುತ್ತಿದ್ದವು. ಬರ್ಮಾದ ದಂಡೆಗೆ ಮೂರು ಸಲ ಹೋಯಿತು. ಬರುವಾಗ ಗಾಯಾಳುಗಳನ್ನು ತಂದಿತು. ಜಪಾನಿನವರು ಸೋತ ಮೇಲೆ ಕೈದಿಗಳನ್ನು ಹೊತ್ತಿತು, ಅಕ್ಕಿ ಹೊತ್ತಿತು, ಒಮ್ಮೆ ನೂರು ಹೇಸರಗತ್ತೆಗಳನ್ನೂ ಹೊತ್ತಿತು. ಕಡೆಗೆ ಅದನ್ನು ಒಡೆಯಲಿಕ್ಕೆ ಮಾರಿದರು, ಅಪ್ಪ ಊರಿಗೆ ಬಂದ. ಅವನ ಕಾಗದಪತ್ರಗಳು ನಲವತ್ತೆಂಟರ ಪೊಲೀಸ್ ಆ್ಯಕ್ಷನ್ ಗದ್ದಲದಲ್ಲಿ ಮನೆಯ ಜೊತೆ ಸುಟ್ಟುಹೋದವು.

ಅರ್ಜಿ ಬರೆಸಲು ಅಪ್ಪನನ್ನು ಕರೆದುಕೊಂಡು ಕಮಿಟಿಯ ಕಾರಕೂನ ಮಡಿವಾಳಯ್ಯನ ಹತ್ತಿರ ಹೋದೆ.

‘ಹಡಗಿನ ಹೆಸರು?’

‘ಹೆಸರಿಲ್ರಿ ಅಯ್ನೋರ. ಮೂರು ಸಾವಿರದ ಎರಡ್ನೂರಾ ಹತ್ತೊಂಬತ್ತು,’ ಅಂದ ಅಪ್ಪ.

‘ನಾ ಹಡಗ ಕೇಳ್ಲಿಕತ್ತೀನಿ ಕಾಕಾ, ಗೂಡ್ಸ್ ಡಬ್ಬಿ ನಂಬರ್ ಅಲ್ಲ.’

ಅಲ್ಲಿದ್ದವರೆಲ್ಲ ನಕ್ಕರು. ಅಪ್ಪ ಸಿಟ್ಟಾಗಲಿಲ್ಲ.

‘ನಾವೂ ಸಾಹೇಬಗ ಕೇಳಿದ್ವಿ. ಮುಳುಗಿದ್ರ ಮುಳುಗ್ಲಿ ಅಂತ ಮಾಡಿದ್ದು, ಅದಕ್ಕ ಹೆಸರ್ಯಾಕ ಅಂದ.’

‘ನಮ್ಮನ್ಯಾಗ ಎಮ್ಮಿಗೂ ಹೆಸರದ. ಹೆಸರ ನೆನಪಾದಾಗ ಬರ್ರಿ.’

ನನ್ನ ತಲೆ ಕಾದುಹೋಯಿತು. ಹೆಸರು ಬೇಕೇನು ಮಗನೇ, ತಗೋ ಹೆಸರು! ಅಪ್ಪ ಹೊರಗೆ ಹೋದ ಮೇಲೆ ಅರ್ಜಿ ಕಸಿದುಕೊಂಡು ಆ ಜಾಗದಲ್ಲಿ ‘ಚಂದ್ರಲಾಂಬಾ’ ಎಂದು ಬರೆದುಬಿಟ್ಟೆ. ಸನ್ನತಿಯ ತಾಯಿ ನಮ್ಮ ಮನೆದೇವರು. ಬೇರೆ ಹೆಸರು ತಲೆಗೇ ಬರಲಿಲ್ಲ. ಅಪ್ಪನಿಗೆ ಓದಲು ಬರುವುದಿಲ್ಲ. ಹೊರಗೆ ಹೋಗಿ ಕಾಗದ ಅವನ ಮುಂದೆ ಹಿಡಿದೆ, ಹೆಬ್ಬೆಟ್ಟು ಒತ್ತಿದ. ಮಗ ಬರೆದದ್ದಲ್ಲವೇ. ಹೆಸರು ನೆನಪಾಯಿತಂತೆ ಎಂದು ಮಡಿವಾಳಯ್ಯನ ಕೈಗೆ ಕೊಟ್ಟೆ.

ಎರಡು ತಿಂಗಳ ಮೇಲೆ ಮುಂಬಯಿಯ ನೌಕಾದಳದ ಕಚೇರಿಯಿಂದ ಉತ್ತರ ಬಂತು. ಆ ಹೆಸರಿನ ಯುದ್ಧದ ಹಡಗೇ ಇರಲಿಲ್ಲ ಎಂದು ಬರೆದಿದ್ದರು. ಅದನ್ನು ಮಡಿವಾಳಯ್ಯ ಚಹಾದಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳಿದ. ಅಪ್ಪ ಅಲ್ಲೇ ಬೆಂಚಿನ ಮೇಲಿದ್ದ.

‘ಸನ್ನತಿ ತಾಯೀನ ಬರ್ಮಾಕ್ಕ ಕರ್ಕೊಂಡು ಹೋಗಿದ್ದೇನ್ ಕಾಕಾ?’ ಅಂದನಂತೆ ಒಬ್ಬ. ‘ಭೀಮಾ ನದ್ಯಾಗ ತೆಪ್ಪ ಹೊಡ್ದಿರಬೇಕು ಬಿಡ್ರಿ,’ ಅಂದನಂತೆ ಇನ್ನೊಬ್ಬ.

ಮನೆಗೆ ಬಂದ ಅಪ್ಪ ಚಪ್ಪಲಿಯನ್ನೂ ಬಿಡದೆ ಕೇಳಿದ, ‘ಚಂದ್ರಲಾಂಬಾ ಅಂತ ಯಾರು ಬರ್ದಾರಲೇ?’

‘ನಾನೇ. ಅವ ನಕ್ಕದ್ದು ನಂಗ ಸೈಸ್ಲಿಕ್ಕಾಗ್ಲಿಲ್ಲ.’

‘ನಕ್ಕದ್ದು ನನಗ. ನಾ ಸೈಸ್ಕೊಂಡಿದ್ದೆ.’

ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ.

ಮರುದಿನ ನಾನು ಕಮಿಟಿಗೆ ಹೋಗಿ, ಸುಳ್ಳು ನನ್ನದು, ಅಪ್ಪನದಲ್ಲ ಎಂದು ಕೂಗಾಡಿದೆ. ಮಡಿವಾಳಯ್ಯ ಎಲೆ ಅಡಿಕೆ ಜಗಿಯುತ್ತ, ‘ಹಂಗಾರ ನಂಬರೂ ನೀನೇ ಕಾಕಾಗ ಹೇಳಿಕೊಟ್ಟಿರಬೇಕಲ್ಲ’ ಅಂದ. ಆ ಉರಿ ಇನ್ನೂ ಆರಿಲ್ಲ. ಹೊಸ ಅರ್ಜಿಯ ಹಾಳೆ ಇಸಿದುಕೊಂಡು ಮನೆಗೆ ತಂದು, ನಂಬರು ಬರೆದು, ಅಪ್ಪನ ಮುಂದೆ ಹಿಡಿದೆ.

‘ನೀ ಬರ್ದ ಕಾಗದಕ್ಕ ನಾ ಹೆಬ್ಬೆಟ್ಟು ಒತ್ತಲ್ಲ,’ ಅಂದ.

ತಾನೇ ಎದ್ದು ಕಮಿಟಿಗೆ ಹೋದ. ನಾನು ಹಿಂದೆ ಹೋದರೆ ಬಾಗಿಲಲ್ಲೇ ನಿಲ್ಲಿಸಿದ. ನಕ್ಕವನ ಮುಂದೆಯೇ ಕೂತು, ಹಡಗಿನ ಕಥೆಯನ್ನು ಮೊದಲಿನಿಂದ ಹೇಳತೊಡಗಿದ. ಯಾವ ಬಂದರು, ಯಾವ ತಿಂಗಳು, ಎಷ್ಟು ಟ್ಯಾಂಕು, ಹೇಸರಗತ್ತೆಗಳು ಒದ್ದು ಮುರಿದ ಹಲಗೆ ಎಷ್ಟು. ಕಿಟಕಿಯ ಹೊರಗೆ ನಿಂತ ನನಗೆ ಮಡಿವಾಳಯ್ಯನ ದನಿ ಕೇಳಿತು: ‘ಸಾವಕಾಶ ಹೇಳ್ರಿ ಕಾಕಾ, ಬರೀಲಿಕತ್ತೀನಿ.’ ಅದರಲ್ಲಿ ನಗೆ ಇರಲಿಲ್ಲ. ನನಗೆ ಅವನ ಮೇಲಿನ ಸಿಟ್ಟು ಮತ್ತೂ ಹೆಚ್ಚಿತು. ಮೊದಲ ದಿನವೇ ಹೀಗೆ ಕೇಳಲಿಕ್ಕೆ ಅವನಿಗೇನು ರೋಗ ಬಂದಿತ್ತು?

ಆ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಆಗಸ್ಟ್ ಹದಿನೈದಕ್ಕೆ ಕಲ್ಲು ನಿಲ್ಲಲೇಬೇಕಿತ್ತು. ಹನ್ನೊಂದು ಹೆಸರು ಕೊರೆದೆ. ಹಿಂದಿನ ದಿನ ನೋಡಲು ಬಂದ ಮಡಿವಾಳಯ್ಯ ಕಲ್ಲಿನ ಮೇಲೆ ಬೆರಳಾಡಿಸಿದ.

‘ಸೂರ್ಯಕಾಂತ, ಹನ್ನೊಂದನೇ ಹೆಸರಿನ ಕೆಳಗ ಇಷ್ಟ ಜಾಗ ಯಾಕ ಬಿಟ್ಟಿ? ಚಂದ ಕಾಣಂಗಿಲ್ಲ.’

‘ಚಂದ ಕಾಣಾದು ಬ್ಯಾಡ್ರಿ,’ ಅಂದೆ. ‘ನಿಮ್ಮ ಮುಂಬಯಿಯವರಿಗೆ ಇನ್ನೊಂದು ಕಾಗದ ಹಾಕ್ರಿ, ಲಗೂನ.’