ಹತ್ತು ಮಂದಿಯೊಳಗೆ ಇನ್ನೊಬ್ಬರು

ನಾಲ್ಕು ಜನ ಶಿವನಪ್ಪನ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಲು ಎತ್ತಿ ಹಿಡಿದಿದ್ದರು. ಅಷ್ಟರಲ್ಲಿ ಸೊಸೆ ರೇಣುಕವ್ವ ಬಗ್ಗಿ ಮಡಿಚಿದ ಬಟ್ಟೆಯೊಂದನ್ನು ಕೆಳಗೆ ಸರಿಸಿದಳು. ಹೆಣ ಅದರ ಮೇಲೆಯೇ ಕುಳಿತಿತು. ತಾನು ಮಾಡಿದ್ದೇನೆಂದು ಅವಳಿಗೆ ಹೊಳೆದದ್ದು ಆಮೇಲೆ. ಮೂರು ವರ್ಷದ ರೂಢಿ, ಕೈ ತಾನಾಗಿಯೇ ಮಾಡಿಬಿಟ್ಟಿತ್ತು.

ಸತ್ತವನ ತಂಗಿ ಗೌರವ್ವ ಬಾಗಿಲ ಪಕ್ಕದಿಂದ ನೋಡಿಯೇಬಿಟ್ಟಳು. ನಸುಕಿನಲ್ಲೇ ತನ್ನೂರು ಸೂಡಿಯಿಂದ ಚಕ್ಕಡಿ ಹೂಡಿಸಿಕೊಂಡು ಬಂದವಳು ಈ ಮನೆಯ ನೀರು ಸಹ ಮುಟ್ಟದೆ ಅಲ್ಲೇ ಕುಳಿತಿದ್ದಳು.

“ಅದೇನದು, ಕೆಳಗ ಇಟ್ಟಿದ್ದು?”

“ಏನಿಲ್ಲರಿ ಅತ್ತಿ. ಬಟ್ಟಿ.”

“ಹೆಣದ ಕೆಳಗ ಎಂಥಾ ಬಟ್ಟಿ? ಮಾಟದ್ದೇನ?”

ಭಜನೆಯವರ ತಾಳ ನಿಂತಿತು. ಗಜೇಂದ್ರಗಡದ ಆ ನೇಕಾರರ ಓಣಿಗೆ ಈ ಪ್ರಶ್ನೆ ಹೊಸದಲ್ಲ, ಕೇಳುವವರು ಸಿಕ್ಕಿರಲಿಲ್ಲ ಅಷ್ಟೆ. ಮೂವತ್ತು ವರ್ಷ ಸೋಮವಾರದ ಭಜನೆಗೆ ತಪ್ಪದ ಮನುಷ್ಯ ಮೂರು ವರ್ಷದಿಂದ ಹೊಸ್ತಿಲು ದಾಟಿರಲಿಲ್ಲ. ಮದುವೆಗಿಲ್ಲ, ಮಣ್ಣಿಗಿಲ್ಲ. ಹಿಂದಿನ ಕೋಣೆಗೆ ಸದಾ ಚಿಲಕ, ಬೆಳಗಾದರೆ ಅಲ್ಲಿಂದ ಲೋಬಾನದ ಹೊಗೆ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು.

“ಯುಗಾದಿಗೆ ಹೋಳಿಗಿ ತಂದ್ನಿ,” ಎಂದಳು ಗೌರವ್ವ. “ಅಣ್ಣ ಇಕಿ ಮಾರಿ ನೋಡಿ ತಾಟ ಸರಿಸಿದ. ದಿನಕ್ಕ ಒಂದ ರೊಟ್ಟಿ ತಿಂತಿದ್ನಂತ. ಹೊಟ್ಟಿಗಿ ಹಾಕದ ಕೊಂದಾಳ. ಪೊಲೀಸ ಗೌಡರನ್ನ ಕರೀರಿ. ಅಲ್ಲೀತನಕ ಅಣ್ಣನ್ನ ಮಣ್ಣಿಗಿ ಒಯ್ಯಾಂಗಿಲ್ಲ.”

ಲೋಬಾನ ಮಾರುವ ಬಾಬುಸಾಬ ಶಿವನಪ್ಪನ ಹಳೆಯ ಗೆಳೆಯ. ಎಲ್ಲರೂ ಅವನ ಕಡೆ ತಿರುಗಿದರು. ಅವನು ಗಡ್ಡ ಸವರಿಕೊಂಡ.

“ದಿನಾ ಲೋಬಾನ ಯಾಕವ್ವ ಅಂತ ನಾನೂ ಕೇಳಿದ್ನಿ,” ಎಂದ ಮೆಲ್ಲಗೆ. “ಹೇಳಲಿಲ್ಲ.”

ಗಂಡ ಕರೆಪ್ಪ ರೇಣುಕವ್ವನನ್ನು ಮಗ್ಗದ ಮೂಲೆಗೆ ಕರೆದುಕೊಂಡು ಹೋದ. ಮಗ್ಗದ ಸಪ್ಪಳದಲ್ಲಿ ಮನೆಯ ಸುದ್ದಿ ಎಂದೂ ಕಿವಿಗೆ ಹಾಕಿಕೊಂಡವನಲ್ಲ. ಇವತ್ತು ಮಗ್ಗ ಸುಮ್ಮನಿತ್ತು.

“ಖರೇ ಹೇಳು. ಅಪ್ಪಗ ಹೊಟ್ಟಿ ತುಂಬ ಹಾಕತಿದ್ದೇನು?”

ಹದಿನಾರು ವರ್ಷ ಸಂಸಾರ ಮಾಡಿದವನ ಬಾಯಿಂದ ಈ ಮಾತು. ಒಂದೇ ಮಾತು ಹೇಳಿದರೆ ಅವಳು ಪಾರಾಗುತ್ತಿದ್ದಳು. ಆದರೆ ಆ ಮಾತು ಅವಳದಾಗಿರಲಿಲ್ಲ.

“ನೀವರೆ ಹಂಗ ಕೇಳಬಾರದಿತ್ತು,” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

*

ಮೂರು ವರ್ಷದ ಹಿಂದಿನ ಒಂದು ಸೋಮವಾರ. ಶಿವನಪ್ಪ ಭಜನೆಯ ನಡುವೆಯೇ ಎದ್ದು ಮನೆಗೆ ಬಂದಿದ್ದ. ಅವಳು ಹಿತ್ತಲಿಗೆ ಹೋದಾಗ ಮಾವ ಬಚ್ಚಲಲ್ಲಿ ಹೊಲಸಾದ ಧೋತರ ಹಿಡಿದು ನಿಂತಿದ್ದ. ನೂಲು ಮುಟ್ಟುವ ಮೊದಲು ಎರಡು ಸಲ ಕೈ ತೊಳೆಯುತ್ತಿದ್ದ ಮನುಷ್ಯ. ಅವನು ನೇಯ್ದ ಸೀರೆಯ ಮೇಲೆ ಒಂದು ಕಲೆ ಕಂಡವರಿಲ್ಲ.

“ಬಂದದ್ದಽ ಗೊತ್ತಾಗಲಿಲ್ಲವ್ವ,” ಎಂದ.

ಅವಳು ಧೋತರ ಇಸಿದುಕೊಂಡಳು. ಅವನು ಅವಳ ಕೈಯನ್ನು ಮಗ್ಗಕ್ಕೆ ಮುಟ್ಟಿಸಿ ಆಣೆ ಹಾಕಿಸಿಕೊಂಡ. “ಕರೆಪ್ಪಗ ತಿಳೀಬಾರದು. ಗೌರಿಗಂತೂ ಮೊದಲಽ ಬ್ಯಾಡ. ಇಂಥಾದ್ದು ಮನಶ್ಯಾರಿಗೆ ಯಾರಿಗೂ ಆಗೂದಿಲ್ಲ.”

ಅವಳು ರೋಣದ ದವಾಖಾನೆಗೆ ಹೋಗಿ, ತನ್ನ ತಾಯಿಗೆ ಹೀಗಾಗಿದೆ ಎಂದು ಸುಳ್ಳು ಹೇಳಿ ಪುಡಿ ತಂದಳು. ಡಾಕ್ಟರು ನಕ್ಕಿರಲಿಲ್ಲ. “ವಯಸ್ಸಾದವರು ಹತ್ತು ಮಂದಿ ಇದ್ದರ ಒಬ್ಬರಿಗರೆ ಇದು ಇರತೈತಿ. ದೊಡ್ಡ ಓಣಿ ಇದ್ದರ ಇಬ್ಬರಿಗೆ. ಯಾರೂ ಬಾಯಿ ಬಿಡೂದಿಲ್ಲ ಅಷ್ಟ,” ಎಂದಿದ್ದರು.

ಪುಡಿಯಿಂದ ಸ್ವಲ್ಪ ಗುಣವಾಯಿತು, ಪೂರ್ತಿ ಆಗಲಿಲ್ಲ. ಡಾಕ್ಟರ ಮಾತು ಮಾತ್ರ ಮುದುಕನ ತಲೆ ಹೊಕ್ಕಿತು. ಕಿಟಕಿಯಲ್ಲಿ ಕುಳಿತು ಹೋಗುವ ಬರುವ ಮುದುಕರನ್ನೆಲ್ಲ ಅನುಮಾನದಿಂದ ನೋಡತೊಡಗಿದ.

“ಆ ಇನ್ನೊಬ್ಬ ಯಾರಿರಬಹುದವ್ವ? ಬಾಬುಸಾಬ?”

“ಅವರು ಕುಂತಲ್ಲೇ ನಾಕ ರೊಟ್ಟಿ ತಿಂತಾರ್ರಿ ಮಾವ.”

“ಹಂಗಾರ ಅವ ಅಲ್ಲ.” ಇಬ್ಬರೂ ನಗುತ್ತಿದ್ದರು. ಆದರೆ ತಿಂದರೆ ಮತ್ತೆ ಹಾಗಾದೀತೆಂದು, ಅವಳು ಎಷ್ಟು ಬೈದರೂ ಅವನು ಎರಡನೆಯ ರೊಟ್ಟಿ ಮುಟ್ಟಲಿಲ್ಲ. ಕೈ ನಡುಗುವವರೆಗೂ ಧೋತರದೊಳಗೆ ಕಟ್ಟಿಕೊಳ್ಳಲು ಬೇಕಾದ ಬಟ್ಟೆಯನ್ನು ತಾನೇ ನೇಯ್ದ, ಅವಳು ನಾಲ್ಕು ಪದರು ಮಾಡಿ ಹೊಲಿದಳು. ಇನ್ನೊಬ್ಬ ಮಾತ್ರ ಸಿಗಲಿಲ್ಲ.

*

ಗೌರವ್ವ ಗೌಡರಿಗಾಗಿ ಕಾಯಲಿಲ್ಲ. ಬೆಳಗಿನಿಂದ ಮೊದಲ ಸಲ ಎದ್ದಳು, ನೆಟ್ಟಗೆ ಬಂದು ಅಣ್ಣನ ಕೆಳಗಿನಿಂದ ಬಟ್ಟೆ ಎಳೆದಳು. ಜನ ಕುತ್ತಿಗೆ ಚಾಚಿದರು.

ಅವಳ ಬೆರಳು ಪದರು ಎಣಿಸಿದವು. ಮೂಲೆಗಳಲ್ಲಿ ನಡುವಿಗೆ ಕಟ್ಟುವ ಲಾಡಿಗಳಿದ್ದವು. ಮೂಗಿಗೆ ಹಿಡಿದಳು. ಅಂಟವಾಳ, ಲೋಬಾನ. ಅವಳ ಮುಖದ ಸಿಟ್ಟು ಇಳಿದುಹೋಯಿತು.

ರೇಣುಕವ್ವ ಅವಳನ್ನು ನೋಡುತ್ತಿರಲಿಲ್ಲ. ಗೌರವ್ವ ಎದ್ದು ಬಂದ ಜಾಗವನ್ನು ನೋಡುತ್ತಿದ್ದಳು. ಬಾಗಿಲ ಪಕ್ಕ, ಚಾಪೆಯ ಮೇಲೆ, ಹಳೆಯ ಸೀರೆಯ ತುಂಡೊಂದು ನಾಲ್ಕು ಪದರಾಗಿ ಬಿದ್ದಿತ್ತು. ಮುದುಕಿ ಬೆಳಗಿನಿಂದ ಬಾಯಿಗೆ ಏನೂ ಹಾಕದಿದ್ದುದು ಈಗ ಅರ್ಥವಾಯಿತು.

ಗೌರವ್ವ ತಿರುಗಿದಳು. ಇಬ್ಬರ ಕಣ್ಣೂ ಸೇರಿದವು.

“ಏನೈತ್ರಿ ಅದರಾಗ?” ಎಂದ ಬಾಬುಸಾಬ.

“ನಮ್ಮವ್ವ ಹೊಲಿದ ಕೌದಿ ತುಂಡು,” ಎಂದಳು ಗೌರವ್ವ ಎಲ್ಲರಿಗೂ ಕೇಳುವಂತೆ. “ಇದರ ಮ್ಯಾಲ ಕುಂತು ಹೋಗಬೇಕಂತ ಅಣ್ಣನ ಆಸೆ. ನನಗ ಮರತಿತ್ತು, ಇಕಿಗೆ ನೆನಪಿತ್ತು. ಗೌಡರು ಬ್ಯಾಡ. ಭಜನಿ ಹಚ್ರಿ.”

ತನ್ನ ಕೈಯಾರೆ ಅದನ್ನು ಅಣ್ಣನ ಕೆಳಗೆ ಸರಿಪಡಿಸಿದಳು. ತಾಳ ಮತ್ತೆ ಶುರುವಾಯಿತು. ಮೂರು ವರ್ಷದ ಮೇಲೆ ಶಿವನಪ್ಪ ಭಜನೆಯವರ ನಡುವೆ ನಿಶ್ಚಿಂತೆಯಿಂದ ಕುಳಿತಿದ್ದ. ಕರೆಪ್ಪ ಹೆಂಡತಿಯ ಮುಖ ನೋಡಲು ನಾಚಿ ಹೂವಿನ ಸರ ಬಿಚ್ಚತೊಡಗಿದ.

ಮಣ್ಣು ಮಾಡಿ ಬಂದ ಮೇಲೆ ನೆರೆಯವರು ರೊಟ್ಟಿಯ ಬುಟ್ಟಿ ಕೊಟ್ಟುಹೋದರು. ಗೌರವ್ವ ಹಿಂದಿನ ಕೋಣೆಯಲ್ಲಿ ಕುಳಿತಿದ್ದಳು. ರೇಣುಕವ್ವ ಉಳಿದ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಅವಳ ಚೀಲದ ಪಕ್ಕ ಇಟ್ಟಳು.

“ಅಣ್ಣಗ ಹಿಂಗಾಗಿ ಎಷ್ಟ ದಿನಾಗಿತ್ತು?”

“ಮೂರ ವರ್ಷರಿ.”

“ನನಗ ಐದು.”

“ಮಾವ ಹುಡುಕತಿದ್ರು,” ಎಂದಳು ರೇಣುಕವ್ವ. “ಇನ್ನೊಬ್ಬರು ಯಾರಂತ.”

ಗೌರವ್ವ ಬಹಳ ಹೊತ್ತು ಗಂಟಿನ ಮೇಲೆ ಕೈಯಿಟ್ಟುಕೊಂಡು ಅತ್ತಳು. ರೇಣುಕವ್ವ ತಾಟಿಗೆ ಒಂದು ರೊಟ್ಟಿ ಹಾಕಿ ಮುಂದಿಟ್ಟಳು. ಮುದುಕಿ ಚೂರು ಚೂರಾಗಿ ಮುರಿದು ಪೂರ್ತಿ ತಿಂದಳು. ಬಾಗಿಲ ಕಡೆಗೊಮ್ಮೆ ನೋಡಿದಳು. ಆಮೇಲೆ ತಾಟನ್ನು ಮುಂದಕ್ಕೆ ಸರಿಸಿದಳು.

“ಇನ್ನೊಂದ ಹಾಕವ್ವ.”